ರೇಡಿಯೊದ ಕಿವಿ, ನಮ್ಮ ಮೈ: ಎರಡು ಬೇರೆ ಲೆಕ್ಕ

(ಮೈಸೂರಿನ ಕುವೆಂಪುನಗರದಲ್ಲಿ ಬಡಾವಣೆಯ ನಿವಾಸಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ನಾಲ್ಕು ವಸ್ತು ಇಟ್ಟಿದ್ದೇನೆ. ಸೆಲ್ಲು ಹಾಕಿದ ಹಳೆಯ ಟ್ರಾನ್ಸಿಸ್ಟರ್, ಒಂದು ಎಲ್‌ಇಡಿ ಬಲ್ಬು, ನಮ್ಮ ಮನೆಯ ವೈಫೈ ರೂಟರ್, ಒಂದು ಬಟನ್ ಫೋನು. ಮಂಡ್ಯದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು ನಾನು. ಪಾಠ ಮಾಡುವಾಗಲೂ ವಸ್ತು ಮುಂದಿಲ್ಲದೆ ಮಾತು ಶುರುವಾಗುತ್ತಿರಲಿಲ್ಲ.

ನಮ್ಮ ಬೀದಿಗಳಲ್ಲಿ ಕೆಲವು ತಿಂಗಳಿಂದ ಒಂದು ಮಾತು ಓಡಾಡುತ್ತಿದೆ. ‘ರೂಟರ್ ಬಂದ ಮೇಲೆ, ಟವರ್ ಎದ್ದ ಮೇಲೆ, ರೇಡಿಯೊ ಗೊರಗೊರ ಅನ್ನುತ್ತೆ, ಟಿವಿ ನಿಂತು ನಿಂತು ಬರುತ್ತೆ. ಯಂತ್ರಕ್ಕೇ ಹೀಗಾದರೆ ನಮ್ಮ ತಲೆಯೊಳಗೆ ಏನಾಗುತ್ತಿರಬೇಕು?’ ಕೇಳಿದವರನ್ನು ನಾನು ದೂರುವುದಿಲ್ಲ. ಕಣ್ಣಿಗೆ ಕಾಣದ್ದು ಮನೆಯೊಳಗೆ ಓಡಾಡುತ್ತಿದೆ ಎಂದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ. ಆದರೆ ಆ ಮಾತಿನಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಒಂದರೊಳಗೊಂದು ಸೇರಿಕೊಂಡಿವೆ. ರೇಡಿಯೊದ ಕಿವಿಗೆ ಆಗುವ ತೊಂದರೆಯದು ಒಂದು, ನಮ್ಮ ಮೈಗೆ ತಾಗುವ ಶಕ್ತಿಯದು ಇನ್ನೊಂದು. ಇವತ್ತು ಇವೆರಡನ್ನೂ ಬಿಡಿಸಿ ಇಡಬೇಕೆಂದು ಬಂದಿದ್ದೇನೆ.

ಮನೆಯೊಳಗಿನ ವೈರ್‌ಲೆಸ್ ಮೈಸೂರಿಗೆ ಹೊಸದೇನಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ‘ವಿಠಲ ವಿಹಾರ’ ಎಂಬ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಆಗ ಊರಿಗೊಂದು ಟ್ರಾನ್ಸ್‌ಮಿಟರ್ ಇದ್ದದ್ದೇ ದೊಡ್ಡದು. ಈಗ ನಿಮ್ಮ ಮನೆಯಲ್ಲೇ ಎಣಿಸಿ ನೋಡಿ: ಫೋನುಗಳು, ರೂಟರ್, ಬ್ಲೂಟೂತ್ ಸ್ಪೀಕರ್, ಟಿವಿ, ಲ್ಯಾಪ್‌ಟಾಪು, ಕಾರಿನ ಕೀ. ಹತ್ತಕ್ಕೆ ಕಡಿಮೆ ಬಂದರೆ ಅದು ಚಿಕ್ಕ ಸಂಸಾರ.

ಈಗ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಎದುರು ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರ ಹತ್ತಿರ ಎಫ್‌ಎಂ ಇಲ್ಲದ ಹಳೆಯ ಸೆಟ್ಟು ಇದೆ. ಸಂಜೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ತಿರುಗಿಸಿ ವಾರ್ತೆ ಕೇಳಿದ ಮೇಲೇ ಅವರ ಊಟ. ಒಂದು ವಾರ ವಾರ್ತೆಯೇ ಕೇಳಿಸಲಿಲ್ಲ, ಬರೀ ಗುಯ್ಯೆನ್ನುವ ಸದ್ದು. ಎರಡು ಬೀದಿ ಆಚೆ ಹೊಸ ಟವರ್ ಎದ್ದಿತ್ತು. ಮನೆಯವರೆಲ್ಲ ಅದನ್ನೇ ದೂರಿದರು. ತಲೆನೋವು ಅದರಿಂದಲೇ ಎಂದು ಅಜ್ಜಿಯನ್ನು ಹಿಂದಿನ ಕತ್ತಲೆ ಕೋಣೆಗೆ ಮಲಗಿಸಿದರು. ಬೀದಿ ಕಾಣುವ ಕಿಟಕಿ ಅವರಿಗೆ ತಪ್ಪಿತು. ಅದು ನನಗೆ ತುಂಬಾ ಸಂಕಟದ ವಿಷಯವಾಗಿತ್ತು.

ಅವರ ಮನೆಗೆ ಹೋಗಿ ಕೂತು ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಅಮ್ಮಾ, ಮಧ್ಯಾಹ್ನ ಈ ಸದ್ದು ಇರುತ್ತದೆಯೇ?’ ಇಲ್ಲ, ದೀಪ ಹಚ್ಚುವ ಹೊತ್ತಿಗೆ ಶುರು, ಬೆಳಗ್ಗೆ ಹೊತ್ತಿಗೆ ಇರುವುದಿಲ್ಲ ಅಂದರು. ಟವರ್‌ಗೆ ಹಗಲು ರಾತ್ರಿ ಇಲ್ಲವಲ್ಲ! ಹೊತ್ತು ಮುಳುಗಿದಾಗ ಹೊತ್ತಿಕೊಳ್ಳುವ ಯಾವುದೋ ದೀಪದ ಕೆಲಸ ಇದು. ಮಾರನೆಯ ಸಂಜೆ ಈ ಟ್ರಾನ್ಸಿಸ್ಟರ್ ಹಿಡಿದು ಬೀದಿಗೆ ಇಳಿದೆ. ಇದರ ಹೊಟ್ಟೆಯೊಳಗೆ ಪೆನ್ಸಿಲ್ಲಿನಂಥ ಕಪ್ಪು ಫೆರೈಟ್ ಕಡ್ಡಿ ಇದೆ, ಅದರ ಮೇಲೆ ತಂತಿ ಸುತ್ತಿದ್ದಾರೆ. ಮೀಡಿಯಂ ವೇವ್‌ಗೆ ಅದೇ ಏರಿಯಲ್. ಆ ಕಡ್ಡಿಯ ತುದಿ ಸದ್ದಿನ ಮೂಲದ ಕಡೆಗೆ ತಿರುಗಿದಾಗ ಸದ್ದು ಅಡಗುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಜೋರಾಗುತ್ತದೆ. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ಇಟ್ಟುಕೊಂಡು, ಸೆಟ್ಟು ತಿರುಗಿಸುತ್ತಾ, ಸದ್ದು ಅಡಗುವ ದಿಕ್ಕು ಹಿಡಿದು ನಡೆದೆ. ಅದು ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ನನ್ನದೇ ಮನೆಯ ಗೇಟಿನ ಮುಂದೆ. ಹದಿನೈದು ದಿನದ ಹಿಂದೆ ನಾನು ಹಾಕಿದ್ದ ಅಗ್ಗದ ಎಲ್‌ಇಡಿ ಬಲ್ಬು. ಇದೇ ಬಲ್ಬು. ಕಳಚಿದೆ, ಅಜ್ಜಿಯ ಮನೆಯಲ್ಲಿ ವಾರ್ತೆ ಬಂತು.

(ಇಲ್ಲಿ ಬಲ್ಬು ಹಚ್ಚಿ, ಟ್ರಾನ್ಸಿಸ್ಟರನ್ನು ಪಕ್ಕಕ್ಕೆ ತಂದು ಸದ್ದು ಕೇಳಿಸಿದೆ.)

ಬಲ್ಬಿನೊಳಗೆ ಏನು ನಡೆಯುತ್ತದೆ? ನಮ್ಮ 230 ವೋಲ್ಟ್ ಕರೆಂಟನ್ನು ನೇರ ಕರೆಂಟಾಗಿಸಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಎಲ್‌ಇಡಿಗೆ ಬೇಕಾದಷ್ಟನ್ನೇ ಕೊಡುವ ಪುಟ್ಟ ಸರ್ಕೀಟು ಇದೆ. ಫೋನ್ ಚಾರ್ಜರ್‌ನಲ್ಲೂ ಇರುವುದು ಅದೇ. ಹಾಗೆ ಕತ್ತರಿಸುವಾಗಲೆಲ್ಲ ಚೂರುಪಾರು ರೇಡಿಯೊ ಶಕ್ತಿ ಹೊರಗೆ ಸಿಡಿಯುತ್ತದೆ. ಒಂದು ಚಿಕ್ಕ ಸುರುಳಿ, ಒಂದೆರಡು ಕೆಪಾಸಿಟರ್ ಇಟ್ಟರೆ ಅದು ಅಲ್ಲೇ ಅಡಗುತ್ತದೆ. ಕೆಲವೇ ರೂಪಾಯಿ ಉಳಿಸಲು ಅದನ್ನು ಬಿಟ್ಟರೆ, ಮನೆಯ ವೈರಿಂಗೇ ಏರಿಯಲ್ ಆಗಿ ಆ ಗಲೀಜನ್ನು ಬೀದಿಗೆಲ್ಲ ಹಂಚುತ್ತದೆ. ಮಿಕ್ಸಿಯ ಕಾರ್ಬನ್ ಬ್ರಷ್ಷಿನ ಕಿಡಿ, ಕರೆಂಟ್ ಕಂಬದ ಸಡಿಲ ಜಾಯಿಂಟು, ಇಂಡಕ್ಷನ್ ಒಲೆ, ಎಲ್ಲದರ ಸದ್ದೂ ಇದೇ ಜಾತಿಯದು. ಕಂಬದ ಸದ್ದು ಕೇಳಿದರೆ ಮಾತ್ರ ಸುಮ್ಮನಿರಬೇಡಿ, ಲೈನ್‌ಮನ್‌ಗೆ ಹೇಳಿ. ಅಲ್ಲಿ ಕಿಡಿ ಹಾರುತ್ತಿದೆ ಎಂದರ್ಥ.

ಎಫ್‌ಎಂನಲ್ಲಿ, ಅಂದರೆ ನಮ್ಮ ಮೈಸೂರು ಆಕಾಶವಾಣಿಯ 100.6ರಲ್ಲಿ, ಈ ಕಾಟ ಬಹಳ ಕಡಿಮೆ. ಮೀಡಿಯಂ ವೇವ್‌ನಲ್ಲಿ ಅಲೆಯ ಎತ್ತರದ ಏರಿಳಿತದಲ್ಲೇ ಮಾತು ಕೂತಿರುತ್ತದೆ. ಕಿಡಿಯೂ ಎತ್ತರವನ್ನೇ ಕೆಡಿಸುತ್ತದೆ. ಎಫ್‌ಎಂನಲ್ಲಿ ಮಾತು ಕೂತಿರುವುದು ಅಲೆಯ ಆವರ್ತನದ ಬದಲಾವಣೆಯಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬುದರಲ್ಲಿ. ಎತ್ತರ ಕೆಟ್ಟರೆ ರಿಸೀವರ್ ಅದನ್ನು ಸವರಿ ಸಮ ಮಾಡಿಬಿಡುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ರೂಟರ್ ಹೊರಗೆ ಬಿಡುವ ಶಕ್ತಿ ಹೆಚ್ಚುಕಡಿಮೆ 100 ಮಿಲಿವ್ಯಾಟ್, ಒಂದು ವ್ಯಾಟಿನ ಹತ್ತನೇ ಒಂದು ಭಾಗ. ನಿಮ್ಮ ಲ್ಯಾಪ್‌ಟಾಪು ಪಕ್ಕದ ಕೋಣೆಯಲ್ಲಿ ಅದನ್ನು ಕೇಳಿಸಿಕೊಳ್ಳುವಾಗ ಅದಕ್ಕೆ ಸಿಗುವುದು ಆ ಶಕ್ತಿಯ ಸಾವಿರ ಕೋಟಿಯ ಒಂದು ಪಾಲು ಇದ್ದರೂ ಸಾಕು. ಸಾವಿರ ಕೋಟಿ! ಅಷ್ಟು ಸೂಕ್ಷ್ಮವಾದ ಕಿವಿ ಅದು. ಅಂಥ ಕಿವಿಯ ಪಕ್ಕ ಯಾರಾದರೂ ಪಿಸುಗುಟ್ಟಿದರೂ ಅದಕ್ಕೆ ಗುಡುಗು. ನಮ್ಮ ಮೈಗೆ ಅಂಥ ಕಿವಿ ಇಲ್ಲ. ಯಂತ್ರ ತಡವರಿಸಿತು ಎಂದ ಮಾತ್ರಕ್ಕೆ ಮೈಗೆ ಪೆಟ್ಟಾಯಿತು ಎಂದಲ್ಲ. ಇದರ ತಿರುವು ಇನ್ನೂ ಮುಖ್ಯ: ಮೈಗೆ ಹೆಚ್ಚು ಶಕ್ತಿ ತಾಗಿಸುವ ವಸ್ತು ಸದ್ದೇ ಮಾಡದೆ ಇರಬಹುದು. ಅದನ್ನು ಆಮೇಲೆ ಹೇಳುತ್ತೇನೆ.

ಮೈಕ್ರೋವೇವ್ ಓವನ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈ ಮತ್ತು ಬ್ಲೂಟೂತ್ ಇರುವ ಜಾಗದಲ್ಲೇ. ಸಾಮಾನ್ಯ ಓವನ್ ಕರೆಂಟಿನ ಒಂದೊಂದು ಅಲೆಯಲ್ಲಿ ಅರ್ಧ ಹೊತ್ತು ಮಾತ್ರ ಉರಿಯುತ್ತದೆ, ಸೆಕೆಂಡಿಗೆ 50 ಸಲ. ಹಾಗಾಗಿ ಹಾಲು ಬಿಸಿಯಾಗುವಾಗ ಮೊಮ್ಮಗನ ವಿಡಿಯೊ ಕರೆ ಪೂರಾ ನಿಲ್ಲುವುದಿಲ್ಲ, ಕುಂಟುತ್ತದೆ. ಒಳಗೆ ಏಳೆಂಟು ನೂರು ವ್ಯಾಟ್ ಇದ್ದಾಗ ಬಾಗಿಲ ಸಂದಿಯಿಂದ ಚೂರು ಸೋರುವುದು ಸಹಜ. ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರ್‌ಗೆ 5 ಮಿಲಿವ್ಯಾಟ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಅರ್ಧ ಮೀಟರ್ ಹಿಂದೆ ಸರಿದರೆ ಅದೂ ಸುಮಾರು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫೋನನ್ನು ಒಳಗಿಟ್ಟು ಕರೆ ಮಾಡಿ, ರಿಂಗ್ ಆದರೆ ಓವನ್ ಸೋರುತ್ತಿದೆ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಫೋನಿನ ಕಿವಿ ಎಷ್ಟು ಸೂಕ್ಷ್ಮ ಎಂದು ಈಗಷ್ಟೇ ನೋಡಿದೆವು, ಸರಿಯಿರುವ ಓವನ್ನೊಳಗೂ ಅದು ರಿಂಗ್ ಆಗಬಹುದು. ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಅಂಚಿಗೆ ಜಿಡ್ಡು ಕಟ್ಟಿ ಬಾಗಿಲು ಕೂರದಿದ್ದರೆ ಬಳಸಬೇಡಿ. ನೋಡಬೇಕಾದ್ದು ಅದನ್ನು.

ಇಷ್ಟೊಂದು ಸಾಮಾನು ಒಂದೇ ಜಾಗಕ್ಕೆ ಏಕೆ ಬಂದು ಮುತ್ತಿಕೊಂಡಿವೆ? ಮಂಡ್ಯದ ಹುಡುಗರಿಗೆ ನಾನು ಹೀಗೆ ಹೇಳುತ್ತಿದ್ದೆ. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಂಡ ತರಂಗಾಂತರ ಹಿಡುವಳಿ ಜಮೀನಿದ್ದಂತೆ. ಪಹಣಿ ಅವರ ಹೆಸರಲ್ಲಿದೆ, ಬೇರೆಯವರು ಕಾಲಿಡುವಂತಿಲ್ಲ. 2.4 ಗಿಗಾಹರ್ಟ್ಸ್ ಊರ ಗೋಮಾಳ. ನಮ್ಮ ದೇಶದಲ್ಲಿ 2005ರಿಂದ ಅದಕ್ಕೆ ಲೈಸೆನ್ಸ್ ಬೇಡ, ಯಾರು ಬೇಕಾದರೂ ದನ ಬಿಡಬಹುದು. ಆದರೆ ‘ನನ್ನ ಹಸುವಿಗೆ ಹುಲ್ಲು ಸಿಗಲಿಲ್ಲ’ ಎಂದು ದೂರು ಕೊಡಲು ಯಾರಿಗೂ ಹಕ್ಕಿಲ್ಲ. ಹೊಂದಿಕೊಂಡು ಮೇಯಿಸಬೇಕು.

ಆ ಗೋಮಾಳದಲ್ಲಿ ವೈಫೈಗೆ 13 ಚಾನೆಲ್ ಇವೆ ಎಂದು ರೂಟರ್ ತೋರಿಸುತ್ತದೆ. ಒಂದೊಂದರ ನಡುವೆ 5 ಮೆಗಾಹರ್ಟ್ಸ್ ಅಂತರ. ಆದರೆ ವೈಫೈಗೆ ಕಡಿಮೆ ಎಂದರೂ 20 ಮೆಗಾಹರ್ಟ್ಸ್ ಅಗಲ ಬೇಕು. ಹಾಗಾಗಿ ಒಂದಕ್ಕೊಂದು ತಾಗದೆ ಕೂರುವುದು 1, 6, 11 ಈ ಮೂರೇ. ಪಕ್ಕದವರು 1ರಲ್ಲಿ, ಹಿಂದಿನವರು 6ರಲ್ಲಿ ಇದ್ದಾರೆಂದು ನೀವು 3ಕ್ಕೆ ಹೋದರೆ ಇಬ್ಬರಿಗೂ ಕಾಟ, ನಿಮಗೂ ಕಾಟ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡು ಸರದಿ ಕಾಯುತ್ತವೆ. ಅರ್ಧಂಬರ್ಧ ತಾಗುವ ಚಾನೆಲ್‌ನಲ್ಲಿರುವವಕ್ಕೆ ಬರೀ ಗದ್ದಲ ಕೇಳಿಸುತ್ತದೆ. ಆದ್ದರಿಂದ ನೆರೆಯವರಿದ್ದರೂ ಪರವಾಗಿಲ್ಲ, ಆ ಮೂರರಲ್ಲೇ ಇರಿ. ಟಿವಿ, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಅಲ್ಲಿ ಜಾಗ ಧಾರಾಳ. ಗೋಡೆ ದಾಟುವ ತಾಕತ್ತು ಮಾತ್ರ ಕಡಿಮೆ, ಅಗ್ರಹಾರದ ಹಳೆಯ ಮನೆಗಳ ದಪ್ಪ ಗಾರೆ ಗೋಡೆಯಲ್ಲಿ ಅದು ಸೋಲುತ್ತದೆ. ರೂಟರನ್ನು ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ ಇವುಗಳ ಹಿಂದೆ ಇಡಬೇಡಿ. ಇನ್ನೊಂದು: ವೈರ್‌ಲೆಸ್ ಮೌಸ್ ತಡವರಿಸಿದರೆ ಅದರ ಪುಟ್ಟ ರಿಸೀವರ್ ಯುಎಸ್‌ಬಿ 3 ಪೆನ್‌ಡ್ರೈವ್ ಪಕ್ಕ ಇದೆಯೇ ನೋಡಿ. ಯುಎಸ್‌ಬಿ 3 ಚಿಮ್ಮಿಸುವ ಗದ್ದಲ 2.4ರವರೆಗೂ ಹರಡುತ್ತದೆ. ಅರ್ಧ ಅಡಿ ದೂರ ಮಾಡಿದರೆ ಸರಿ ಹೋಗುತ್ತದೆ.

ಗೋಮಾಳದ ಮಾತಾಯಿತು. ಇನ್ನೊಬ್ಬರ ಹಿಡುವಳಿಗೆ ನುಗ್ಗುವುದು ಬೇರೆ ವಿಷಯ. ಮನೆಯಲ್ಲಿ ಟವರ್ ಸಿಗುವುದಿಲ್ಲ ಎಂದು ಆನ್‌ಲೈನ್‌ನಲ್ಲಿ ಸಿಗ್ನಲ್ ಬೂಸ್ಟರ್ ತರಿಸುತ್ತಾರೆ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು, ಮಾರುವುದು ಎರಡೂ ಅಪರಾಧ. ಕಾನೂನಿನ ಭಯಕ್ಕಿಂತ ನನಗೆ ಮುಖ್ಯವಾದದ್ದು ಅದು ಮಾಡುವ ಅನ್ಯಾಯ. ಕೆಟ್ಟ ಬೂಸ್ಟರ್ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಊಳಿಡತೊಡಗುತ್ತದೆ, ಮೈಕಿನ ಮುಂದೆ ಸ್ಪೀಕರ್ ಹಿಡಿದಾಗ ಕೀರಲು ಏಳುತ್ತದಲ್ಲ, ಹಾಗೆ. ಆ ಊಳು ನೇರ ಟವರ್‌ನ ಕಿವಿಗೆ ಹೋಗುತ್ತದೆ. ಆಗ ಆ ಟವರ್‌ನ ಸುತ್ತಲಿನ ಎಲ್ಲ ಮನೆಗಳ ಫೋನೂ ಕಿರುಚಿ ಮಾತಾಡಬೇಕಾಗುತ್ತದೆ. ನಾಲೆಯ ಮೇಲ್ಭಾಗದವರು ತೂಬು ಒಡೆದರೆ ಕೊನೆಯ ಗದ್ದೆಗೆ ಏನಾಗುತ್ತದೆಂದು ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. ಬೂಸ್ಟರ್ ಬೇಡ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಅಷ್ಟೇ ಸಾಕು.

ಈಗ ಮೈಯ ಲೆಕ್ಕ. ಇದನ್ನು ಇಲ್ಲೇ ಬೋರ್ಡಿನ ಮೇಲೆ ಮಾಡೋಣ. ರೂಟರ್‌ನ 0.1 ವ್ಯಾಟ್ ಎಲ್ಲ ಕಡೆಗೂ ಸಮವಾಗಿ ಹರಡಿತು ಎಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಅದು ಸುಮಾರು 12.6 ಚದರ ಮೀಟರ್‌ನ ಗೋಳದ ಮೇಲೆ ಹಂಚಿಹೋಗಿರುತ್ತದೆ. ಚದರ ಮೀಟರ್‌ಗೆ 0.008 ವ್ಯಾಟ್. ಎರಡು ಮೀಟರ್‌ಗೆ ಹೋದರೆ ಅದರ ಕಾಲು ಭಾಗ, 0.002. ಈ ತರಂಗಗಳಿಗೆ ಜನಸಾಮಾನ್ಯರ ಅಂತರರಾಷ್ಟ್ರೀಯ ಮಿತಿ ಚದರ ಮೀಟರ್‌ಗೆ 10 ವ್ಯಾಟ್. ಅಂದರೆ ಮೀಟರ್ ದೂರದಲ್ಲೇ ನಾವು ಮಿತಿಗಿಂತ ಸಾವಿರ ಪಟ್ಟಿಗೂ ಕೆಳಗಿದ್ದೇವೆ. ಅದೂ ರೂಟರ್ ಒಂದೇ ಸಮನೆ ಮಾತಾಡುತ್ತಿದ್ದರೆ. ಹೆಚ್ಚಿನ ಹೊತ್ತು ಅದು ಸುಮ್ಮನೇ ಇರುತ್ತದೆ.

‘ಮಿತಿ ಹಾಕಿದವರನ್ನು ಹೇಗೆ ನಂಬುವುದು’ ಎಂದು ಕೇಳುತ್ತೀರಿ. ಕೇಳಬೇಕಾದ್ದೇ. ಈ ಅಲೆಗಳು ಮೈಗೆ ಮಾಡುತ್ತವೆ ಎಂದು ಗಟ್ಟಿಯಾಗಿ ಸ್ಥಾಪಿತವಾಗಿರುವುದು ಬಿಸಿ ಮಾಡುವ ಕೆಲಸ. ಎಕ್ಸ್‌ರೇಯಂತೆ ಅಣುವನ್ನು ಒಡೆಯುವ ಶಕ್ತಿ ಇವಕ್ಕಿಲ್ಲ. ವೈಫೈ ತರಂಗದ ಒಂದು ಕಣಕ್ಕಿರುವ ಶಕ್ತಿ, ಈ ಟ್ಯೂಬ್‌ಲೈಟಿನಿಂದ ನಿಮ್ಮ ಕೈಮೇಲೆ ಬೀಳುತ್ತಿರುವ ಬೆಳಕಿನ ಕಣಕ್ಕಿಂತ ಸುಮಾರು ಎರಡು ಲಕ್ಷ ಪಟ್ಟು ಕಡಿಮೆ. ಇನ್ನು ಬಿಸಿ: ಇಡೀ ಮೈ ಒಂದು ಕಿಲೋ ತೂಕಕ್ಕೆ 4 ವ್ಯಾಟ್‌ನಂತೆ ಹೀರಿಕೊಂಡಾಗ ತೊಂದರೆ ಶುರುವಾಗಬಹುದು ಎಂದು ಇಟ್ಟುಕೊಂಡು, ಅದನ್ನು ಐವತ್ತರಿಂದ ಭಾಗಿಸಿ 0.08 ಎಂದು ಜನರಿಗೆ ಮಿತಿ ಗೊತ್ತುಮಾಡಿದ್ದಾರೆ.

ಟವರ್ ವಿಷಯದಲ್ಲಿ ನಮ್ಮ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಆ ಅಂತರರಾಷ್ಟ್ರೀಯ ಮಿತಿಯನ್ನೂ ಹತ್ತನೇ ಒಂದಕ್ಕೆ ಇಳಿಸಿ ಜಾರಿಗೆ ತಂದಿತು. ನಿಮ್ಮ ಸುತ್ತಲಿನ ಟವರ್‌ಗಳ ವಿವರವನ್ನು ‘ತರಂಗ್ ಸಂಚಾರ್’ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಡಬಹುದು, ಶುಲ್ಕ ಕಟ್ಟಿ ಅಳತೆ ಮಾಡಿಸಲೂಬಹುದು. ಅನುಮಾನ ಇದ್ದವರು ಅಳತೆ ಮಾಡಿಸಿ. ಅಜ್ಜಿಯನ್ನು ಕತ್ತಲೆ ಕೋಣೆಗೆ ಕಳಿಸುವುದಕ್ಕಿಂತ ಅದು ಎಷ್ಟೋ ಮೇಲು.

ಸದ್ದಿಲ್ಲದ ವಸ್ತು ಎಂದೆನಲ್ಲ, ಅದು ಕಿವಿಗೆ ಒತ್ತಿಕೊಂಡ ಫೋನು. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್, ರೂಟರ್‌ನ ಎರಡರಷ್ಟು. ಆದರೆ ದೂರ ಒಂದು ಮೀಟರ್ ಅಲ್ಲ, ಒಂದು ಸೆಂಟಿಮೀಟರ್. ನಮ್ಮ ತಲೆಗೆ ಸಿಗುವ ಶಕ್ತಿಯಲ್ಲಿ ದೊಡ್ಡ ಪಾಲು ಇದರದೇ. ಅದಕ್ಕೇ ಫೋನಿಗೆ ಬೇರೆ ಮಿತಿ ಇದೆ: ಭಾರತದಲ್ಲಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ಹೆಚ್ಚಿನ ಫೋನುಗಳಲ್ಲಿ *#07# ಒತ್ತಿದರೆ ಆ ಅಂಕಿ ಕಾಣುತ್ತದೆ. ಫೋನು ಸದಾ ಗರಿಷ್ಠ ಶಕ್ತಿಯಲ್ಲಿ ಮಾತಾಡುವುದಿಲ್ಲ. ಟವರ್ ಹತ್ತಿರವಿದ್ದರೆ ಪಿಸುಗುಡುತ್ತದೆ, ದೂರವಿದ್ದರೆ ಕೂಗುತ್ತದೆ. ಟವರ್ ಬೇಡ ಎಂದು ಬಡಾವಣೆಯೆಲ್ಲ ಸಹಿ ಹಾಕಿ ಓಡಿಸಿದರೆ, ಪ್ರತಿಯೊಬ್ಬರ ಕಿವಿಯ ಬಳಿಯ ಫೋನು ಗಂಟಲು ಏರಿಸುತ್ತದೆ. ಈ ಮಾತು ಹೇಳಿದಾಗ ಕಂಪನಿಯವರ ಪರ ಎಂದು ಕೆಲವರು ನನ್ನ ಮೇಲೆ ಬೇಸರಪಟ್ಟಿದ್ದಾರೆ. ಆದರೂ ಹೇಳುತ್ತೇನೆ, ಏಕೆಂದರೆ ಅದು ನಿಜ. ರೈಲಿನಲ್ಲಿ, ಲಿಫ್ಟಿನಲ್ಲಿ, ಸಿಗ್ನಲ್ ಒಂದೇ ಪಾಯಿಂಟ್ ಇರುವಾಗ ಉದ್ದ ಮಾತು ಬೇಡ. ಬೇಕೇ ಬೇಕಿದ್ದರೆ ಸ್ಪೀಕರ್ ಹಾಕಿ, ಇಯರ್‌ಫೋನ್ ಹಾಕಿ. ಒಂದು ಗೇಣು ದೂರವೇ ದೊಡ್ಡ ರಕ್ಷಣೆ.

ಕ್ಯಾನ್ಸರ್ ಮಾತು ಬಂದೇ ಬರುತ್ತದೆ. 2011ರ ಮೇ 31ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೊ ತರಂಗಗಳನ್ನು ‘ಕ್ಯಾನ್ಸರ್ ತರಬಹುದೇನೋ’ ಎಂಬ 2ಬಿ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ, ಹತ್ತು ವರ್ಷಕ್ಕೂ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ.

ಈ ಭಯವನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ಮಾತ್ರ ನನಗೆ ಸಿಟ್ಟಿದೆ. ಫೋನಿನ ಹಿಂದೆ ಅಂಟಿಸುವ ಚಿಪ್ಪು, ಕುತ್ತಿಗೆಗೆ ಹಾಕಿಕೊಳ್ಳುವ ಪದಕ, ‘ರೇಡಿಯೇಷನ್ ತಡೆಯುತ್ತದೆ’ ಎಂದು ಮಾರುತ್ತಾರೆ. ನಿಜವಾಗಿ ತಡೆದರೆ ಫೋನಿಗೆ ಟವರ್ ಸಿಗದೆ ಅದು ಇನ್ನೂ ಜೋರಾಗಿ ಕೂಗುತ್ತದೆ. ತಡೆಯದಿದ್ದರೆ ದುಡ್ಡು ದಂಡ. 2021ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ ‘5ಜಿಯಿಂದ ರಕ್ಷಣೆ’ ಎಂಬ ಹೆಸರಿನ ಹತ್ತು ಪದಾರ್ಥಗಳನ್ನು ಪರೀಕ್ಷಿಸಿದಾಗ ಅವೇ ವಿಕಿರಣ ಸೂಸುತ್ತಿದ್ದವು, ಅದೂ ಅಣುವನ್ನು ಒಡೆಯುವ ಜಾತಿಯ ವಿಕಿರಣ. ಅದರಲ್ಲಿ ಮಕ್ಕಳ ಕೈಬಳೆಯೂ ಇತ್ತು.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಲ್ಲಿ ಇದ್ದೀರಿ. ಪೇಸ್‌ಮೇಕರ್ ಒಂದು ಎಲೆಕ್ಟ್ರಾನಿಕ್ ಕಿವಿ, ಹೃದಯದ ಮಿಡಿತ ಕೇಳುವ ಕಿವಿ. ನಾನು ಬೇರೆ ಬೇರೆ ಎಂದ ಎರಡು ಲೆಕ್ಕಗಳು ಒಂದಾಗುವುದು ನಿಮ್ಮಲ್ಲಿ ಮಾತ್ರ. ಆದ್ದರಿಂದ ಇದನ್ನು ಗಮನವಿಟ್ಟು ಕೇಳಿ. ಫೋನು ಅದರಿಂದ 15 ಸೆಂಟಿಮೀಟರ್ ದೂರ ಇರಲಿ, ಅಂಗಿಯ ಆ ಕಡೆಯ ಜೇಬಿನಲ್ಲಿ ಬೇಡ, ಆಚೆ ಕಿವಿಗೆ ಹಿಡಿಯಿರಿ. ಬೆನ್ನಲ್ಲಿ ಅಯಸ್ಕಾಂತ ಇರುವ ಫೋನುಗಳು ಬಂದಿವೆ, ಅವನ್ನು ಎದೆಯ ಮೇಲಿಟ್ಟುಕೊಂಡು ಮಲಗಬೇಡಿ. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್, ಅಂದರೆ ಎರಡು ಅಡಿ ದೂರ. ರೂಟರ್‌ಗೆ, ಟವರ್‌ಗೆ ಹೆದರಬೇಕಾಗಿಲ್ಲ. ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿ ಏನಾದರೂ ಬೇರೆ ಬರೆದಿದ್ದರೆ ಅದೇ ಕೊನೆಯ ಮಾತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮದ್ದೂರಿನ ಕಡೆ ತೋಟ ಇರುವವರೊಬ್ಬರು, ‘ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇನೆ, ಫೋನ್ ಮಾಡಿದಾಗ ಪಕ್ಕದ ರೇಡಿಯೊ ಟರ್ ಟರ್ ಅನ್ನುತ್ತೆ ಮೇಷ್ಟ್ರೇ, ಏನಾದರೂ ಕೆಟ್ಟಿದೆಯಾ’ ಎಂದರು. ಕೆಟ್ಟಿಲ್ಲ. ಅದರೊಳಗಿರುವುದು 2ಜಿ ಸಿಮ್. 2ಜಿ ಸೆಕೆಂಡಿಗೆ 217 ಸಲ ತುಂಡು ತುಂಡಾಗಿ ಮಾತಾಡುತ್ತದೆ, ಆ ಬಡಿತವೇ ಸ್ಪೀಕರ್‌ನಲ್ಲಿ ಕೇಳಿಸುವುದು. ಮೇಜಿನ ಮೇಲಿದ್ದ ಬಟನ್ ಫೋನಿಗೆ ಕರೆ ಮಾಡಿಸಿ, ಟ್ರಾನ್ಸಿಸ್ಟರ್ ಪಕ್ಕ ಹಿಡಿದು ಕೇಳಿಸಿದೆ. ರೇಡಿಯೊವನ್ನು ಮೂರು ಅಡಿ ಆಚೆ ಇಡಿ ಎಂದೆ.

ಕೊನೆಗೆ ಒಬ್ಬ ತಾಯಿ ಎದ್ದು ನಿಂತರು. ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ, ರೂಟರ್ ಅವಳು ಮಲಗುವ ಮಂಚದ ತಲೆಯ ಕಡೆಯ ಗೋಡೆಯಲ್ಲೇ ಇದೆ, ಏನು ಮಾಡಲಿ ಎಂದರು. ಅವರ ದನಿ ನಡುಗುತ್ತಿತ್ತು. ಬೋರ್ಡಿನ ಲೆಕ್ಕ ಇನ್ನೂ ಅಳಿಸಿರಲಿಲ್ಲ, ಅದನ್ನೇ ತೋರಿಸಿ ಕೂಸಿಗೆ ಅದರಿಂದ ತೊಂದರೆ ಇಲ್ಲ ಎಂದೆ. ಆಮೇಲೆ ಕೇಳಿದೆ: ‘ಅವರು ಫೋನನ್ನು ದಿಂಬಿನ ಕೆಳಗೆ ಚಾರ್ಜಿಗೆ ಹಾಕಿ ಮಲಗುತ್ತಾರೆಯೇ?’ ಹೌದು ಅಂದರು. ಅದನ್ನು ಇವತ್ತೇ ಬಿಡಿಸಿ ಎಂದೆ. ಹತ್ತಿಯ ದಿಂಬಿನೊಳಗೆ ಬಿಸಿಯಾಗುವ ಬ್ಯಾಟರಿ, ಅಗ್ಗದ ಚಾರ್ಜರ್, ಬೆಂಕಿಯ ಭಯ ಅಲ್ಲಿದೆ. ಇನ್ನು ರೂಟರ್, ನಿಮ್ಮ ಮನಸ್ಸಿನ ನೆಮ್ಮದಿಗೆ ಹಾಲಿಗೆ ತನ್ನಿ, ಮಹಡಿಯ ಕೋಣೆಗೂ ವೈಫೈ ಚೆನ್ನಾಗಿ ಸಿಗುತ್ತದೆ. ಸರಿಸುವಾಗ ಫೈಬರ್ ಕೇಬಲ್ಲನ್ನು ಮೂಲೆಯಲ್ಲಿ ಚೂಪಾಗಿ ಮಡಿಸಬೇಡಿ, ಒಳಗಿರುವುದು ಗಾಜಿನ ಎಳೆ, ಮುರಿದುಹೋಗುತ್ತದೆ. ನಾಳೆ ಸಂಜೆ ನಾನೇ ಬಂದು ಸರಿಸಿಕೊಡುತ್ತೇನೆ ಎಂದೆ.